700 ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್: ಆಕ್ಸಿಜನ್ ಸೆನ್ಸರ್ ಬದಲಾಯಿಸೋ ಮೊದಲು ಇದನ್ನು ತಗೊಳ್ಳಿ

ಕಾರಿನ ಕಂಪ್ಯೂಟರ್ ಗುರುತಿಸಿದ ದೋಷದ ಕೋಡನ್ನು ಫೋನಿನಲ್ಲಿ ತೋರಿಸುವ ಡಬ್ಬಿ ಇದು. ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಿ. ನಿಮ್ಮದು 2013ರ ನಂತರದ ಪೆಟ್ರೋಲ್ ಕಾರಾಗಿದ್ದು, ಮೀಟರ್‌ನಲ್ಲಿ ಆ ಹಳದಿ ಇಂಜಿನ್ ಲೈಟ್ ಹತ್ತಿದ್ದರೆ ಇವತ್ತೇ ತಗೊಳ್ಳಿ. ನಾನು 5,300 ರೂಪಾಯಿ ಕಳೆದುಕೊಂಡ ಮೇಲೆ ತಗೊಂಡೆ. ನಾಲ್ಕು ತಿಂಗಳಿಂದ ಬಳಸುತ್ತಿದ್ದೇನೆ. ಇದರಿಂದ ಏನಾಗುತ್ತೆ, ಏನಾಗಲ್ಲ ಅನ್ನೋದು ಈಗ ಚೆನ್ನಾಗಿ ಗೊತ್ತಾಗಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು 2014ರ ಪೆಟ್ರೋಲ್ ಕಾರು, 1.2 ಲೀಟರ್, ನಾಲ್ಕು ಸಿಲಿಂಡರ್, 82,000 ಕಿಲೋಮೀಟರ್ ಓಡಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಊರಿಗೆ ಹೋಗುವಾಗ ಮಂಡಗದ್ದೆ ಹತ್ತಿರ ಲೈಟ್ ಹತ್ತಿತು. ಗಾಡಿ ಓಡುತ್ತಿತ್ತು, ಪಿಕಪ್ ಕೂಡ ಸುಮಾರಾಗಿ ಸರಿಯೇ ಇತ್ತು, ಆದರೆ ಮೈಲೇಜ್ ಮಾತ್ರ 17ರಿಂದ 13ಕ್ಕೆ ಇಳಿದಿತ್ತು. ಅದನ್ನು ನಾನು ಎರಡು ತಿಂಗಳಿಂದ ಗಮನಿಸಿದ್ದೆ. ಮಳೆಗಾಲ, ಎಸಿ, ಟ್ರಾಫಿಕ್ ಅಂತ ಏನೇನೋ ಕಾರಣ ಹೇಳಿಕೊಂಡು ಸುಮ್ನೆ ಇದ್ದೆ.

ಒಂದು ಸರ್ವಿಸ್ ಸೆಂಟರ್‌ಗೆ ಕೊಟ್ಟೆ. ದೊಡ್ಡ ಸ್ಕ್ಯಾನರ್ ಹಾಕಿದರು, ಹತ್ತು ನಿಮಿಷದಲ್ಲಿ ಹೊರಗೆ ಬಂದು "ಸರ್, ಓಟು ಸೆನ್ಸರ್ ಹೋಗಿದೆ" ಅಂದರು, ಅಂದರೆ ಆಕ್ಸಿಜನ್ ಸೆನ್ಸರ್. ಸೆನ್ಸರ್‌ಗೆ 4,200, ಲೇಬರ್ 600, ಸ್ಕ್ಯಾನಿಂಗ್ 500. ಬಿಲ್‌ನಲ್ಲಿ ಯಾವ ಕೋಡ್ ಬಂತು ಅಂತ ಬರೆದಿರಲಿಲ್ಲ, ನನಗೂ ಕೇಳಬೇಕು ಅಂತ ಗೊತ್ತಿರಲಿಲ್ಲ. ಹಳೇ ಸೆನ್ಸರ್ ಮಾತ್ರ ಕೇಳಿ ಇಸಕೊಂಡು ಬಂದೆ. ಆಮೇಲೆ ಅದೇ ಬಹಳ ಉಪಯೋಗಕ್ಕೆ ಬಂತು. ಸರಿಯಾಗಿ 11ನೇ ದಿನ ಮಗಳ ಸ್ಕೂಲ್ ಮುಂದೆ ಇಂಜಿನ್ ಆನ್ ಇಟ್ಟುಕೊಂಡು ಕಾಯುತ್ತಿದ್ದಾಗ ಲೈಟ್ ಮತ್ತೆ ಹತ್ತಿತು. ವಾಪಸ್ ಹೋದರೆ "ಹಾಗಾದ್ರೆ ಕ್ಯಾಟಲಿಟಿಕ್ ಕನ್ವರ್ಟರ್ ಇರಬಹುದು ಸರ್, ಮೂವತ್ತು ಸಾವಿರದ ಮೇಲಾಗುತ್ತೆ" ಅಂದರು. ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡುವ ಭಾಗ ಅದು. "ಇರಬಹುದು" ಅನ್ನೋ ಮಾತಿಗೆ ಮೂವತ್ತು ಸಾವಿರ ಕೊಡೋಕೆ ಮನಸ್ಸಾಗಲಿಲ್ಲ. ಗಾಡಿ ಮನೆಗೆ ತಂದೆ, ರಾತ್ರಿ ಕೂತು ಈ ಸ್ಕ್ಯಾನರ್ ಆರ್ಡರ್ ಮಾಡಿದೆ.

ಬಂದಿದ್ದು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇರುವ ನೀಲಿ ಪ್ಲಾಸ್ಟಿಕ್ ಡಬ್ಬಿ. ಕಂಪನಿ ಹೆಸರಿಲ್ಲ. ಮೇಲೆ ಇಎಲ್‌ಎಂ327 ಅಂತ ಬರೆದಿದೆ. ಇದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಅನ್ನೋ ಕಂಪನಿ ಮಾಡಿದ ಚಿಪ್‌ನ ಹೆಸರು. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಆನ್‌ಲೈನ್‌ನಲ್ಲಿ ಈ ಬೆಲೆಗೆ ಸಿಗುವುದೆಲ್ಲ ಅದರ ನಕಲು. ನನ್ನದೂ ನಕಲೇ. ನಕಲು ಅಂದ ಮಾತ್ರಕ್ಕೆ ಕೆಲಸ ಮಾಡಲ್ಲ ಅಂತಲ್ಲ. ಕೋಡ್ ಓದುತ್ತೆ, ಲೈವ್ ಡೇಟಾ (ಇಂಜಿನ್‌ನ ಆ ಕ್ಷಣದ ಅಂಕಿಗಳು) ತೋರಿಸುತ್ತೆ, ನಮಗೆ ಬೇಕಾಗಿರೋದು ಅಷ್ಟೇ. ಎಲ್ಲಿ ಕೈಕೊಡುತ್ತೆ ಅಂತ ಮುಂದೆ ಹೇಳುತ್ತೇನೆ.

ಜೋಡಿಸೋದು ಸುಲಭ. ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತೆ. ನಮ್ಮ ದೇಶದಲ್ಲಿ ಕಾರುಗಳಿಗೆ ಓಬಿಡಿ-2 (ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಕೊಡುವ ವ್ಯವಸ್ಥೆ) ಕಡ್ಡಾಯ ಆಗಿದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೇ ಗಾಡಿಗಳಲ್ಲಿ ಸಾಕೆಟ್ ಇದ್ದರೂ ಕೆಲವು ಮಾತಾಡುತ್ತವೆ, ಕೆಲವು ಮಾತಾಡಲ್ಲ. ನನ್ನ ಭಾವನ 2009ರ ಗಾಡಿಯಲ್ಲಿ ಕನೆಕ್ಟ್ ಆಗಲೇ ಇಲ್ಲ. ಕೀ ಆನ್ ಮಾಡಿ, ಫೋನಿನಲ್ಲಿ ಬ್ಲೂಟೂತ್ ಹುಡುಕಿ, ಪಿನ್ 1234 ಕೊಡಿ, ಆಮೇಲೆ ಆ್ಯಪ್ ತೆರೆಯಿರಿ. ನಾನು ಟಾರ್ಕ್ ಮತ್ತು ಕಾರ್ ಸ್ಕ್ಯಾನರ್ ಎರಡೂ ಹಾಕಿ ನೋಡಿದೆ. ನನಗೆ ಕಾರ್ ಸ್ಕ್ಯಾನರ್ ಹಿಡಿಸಿತು, ಗ್ರಾಫ್ ಓದೋಕೆ ಸುಲಭ. ಐಫೋನ್ ಇರುವವರು ಈ ಮಾಮೂಲಿ ಬ್ಲೂಟೂತ್ ಮಾಡೆಲ್ ತಗೋಬೇಡಿ, ಕನೆಕ್ಟ್ ಆಗಲ್ಲ. ವೈಫೈ ಇರೋದು ಅಥವಾ ಬ್ಲೂಟೂತ್ ಎಲ್‌ಇ ಅಂತ ಬರೆದಿರೋದು ನೋಡಿ ತಗೊಳ್ಳಿ.

ಸ್ಕ್ಯಾನ್ ಮಾಡಿದೆ. ಪಿ0171 ಅಂತ ಬಂತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು, ಯಾಕಂದ್ರೆ ನನ್ನ 5,300 ಹೋಗಿದ್ದು ಇಲ್ಲೇ. ಪಿ0171 ಅಂದರೆ "ಸೆನ್ಸರ್ ಕೆಟ್ಟಿದೆ" ಅಂತಲ್ಲ. "ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆಗಿದೆ, ಎಷ್ಟು ಪೆಟ್ರೋಲ್ ಸೇರಿಸಿದರೂ ಸರಿ ಆಗುತ್ತಿಲ್ಲ" ಅಂತ ಇಂಜಿನ್ ಕಂಪ್ಯೂಟರ್ ಹೇಳುತ್ತಿದೆ. ಅದಕ್ಕೆ ಈ ವಿಷಯ ತಿಳಿಸಿದ್ದು ಆಕ್ಸಿಜನ್ ಸೆನ್ಸರ್. ಸುದ್ದಿ ತಂದವನನ್ನೇ ಬದಲಾಯಿಸಿದರೆ ಸುದ್ದಿ ಬದಲಾಗುತ್ತಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ನನ್ನ ಗಾಡಿಗೆ ಆಗಿದ್ದು ಅದೇ. ಸೆನ್ಸರ್‌ನ ಮೇಲೇ ನೇರವಾಗಿ ಬೆರಳು ಮಾಡುವ ಕೋಡುಗಳು ಬೇರೆ ಇವೆ. ಪಿ0130ರಿಂದ ಪಿ0135ರವರೆಗಿನವು ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂದೆ ಕೂತಿರುವ ಸೆನ್ಸರ್‌ನವು, ಅದರಲ್ಲಿ ಪಿ0133 ಅಂದರೆ ಸೆನ್ಸರ್ ನಿಧಾನ ಆಗಿದೆ ಅಂತ, ಪಿ0135 ಅಂದರೆ ಅದರೊಳಗಿನ ಹೀಟರ್‌ನ ಸರ್ಕ್ಯೂಟ್ ಸರಿ ಇಲ್ಲ ಅಂತ. ಪಿ0172 ಬಂದರೆ ಪೆಟ್ರೋಲ್ ಜಾಸ್ತಿ ಆಗಿದೆ ಅಂತ. ಕ್ಯಾಟಲಿಟಿಕ್ ಕನ್ವರ್ಟರ್‌ದು ಪಿ0420. ಅದು ನನ್ನ ಗಾಡಿಯಲ್ಲಿ ಬಂದೇ ಇರಲಿಲ್ಲ!

ಸೆನ್ಸರ್ ಕೆಲಸ ಮಾಡೋ ರೀತಿ ಸ್ವಲ್ಪ ಗೊತ್ತಿದ್ದರೆ ಮುಂದಿನದು ಅರ್ಥ ಆಗುತ್ತೆ. ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಕೆಜಿ ಪೆಟ್ರೋಲ್‌ಗೆ 14.7 ಕೆಜಿ ಗಾಳಿ ಬೇಕು. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಸೆನ್ಸರ್ ನೋಡುತ್ತೆ. ಪೆಟ್ರೋಲ್ ಜಾಸ್ತಿ ಇದ್ದರೆ 0.8, 0.9 ವೋಲ್ಟ್, ಗಾಳಿ ಜಾಸ್ತಿ ಇದ್ದರೆ 0.1 ವೋಲ್ಟ್. ಅದು ಸರಿಯಾಗಿ ಕೆಲಸ ಮಾಡೋಕೆ 300 ಡಿಗ್ರಿಗಿಂತ ಜಾಸ್ತಿ ಬಿಸಿ ಇರಬೇಕು, ಅದಕ್ಕೇ ಒಳಗೊಂದು ಹೀಟರ್. ಬಾಷ್ ಕಂಪನಿ ಇದನ್ನು 1976ರಲ್ಲೇ ವೋಲ್ವೋ ಕಾರಿಗೆ ಹಾಕಿತ್ತಂತೆ, ಓದಿದಾಗ ನನಗೆ ಆಶ್ಚರ್ಯ ಆಯಿತು. ನಾವು ಅಂಬಾಸಿಡರ್‌ನ ಕಾರ್ಬ್ಯುರೇಟರ್ ತಿರುಪಿಕೊಂಡು ಇದ್ದ ಕಾಲ ಅದು.

ಸೆನ್ಸರ್ ಹೇಳಿದ್ದನ್ನು ಕೇಳಿ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಲೇ ಇರುತ್ತೆ. ಅಮ್ಮ ಸಾರು ಕುದಿಯುವಾಗ ಸೌಟಿನಲ್ಲಿ ರುಚಿ ನೋಡಿ ಚಿಟಿಕೆ ಉಪ್ಪು ಹಾಕುತ್ತಾರಲ್ಲ, ಹಾಗೆ. ಆಗಿಂದಾಗ ಹಾಕುವ ಚಿಟಿಕೆಗೆ ಶಾರ್ಟ್ ಟರ್ಮ್ ಫ್ಯೂಯಲ್ ಟ್ರಿಮ್ ಅಂತ ಹೆಸರು. ಪ್ರತಿದಿನ ಅಷ್ಟೇ ಬೇಕಾಗುತ್ತಿದೆ ಅಂತ ಗೊತ್ತಾಗಿ ಕೈಗೆ ಅಭ್ಯಾಸ ಆಗಿಬಿಟ್ಟರೆ ಅದು ಲಾಂಗ್ ಟರ್ಮ್. ಎರಡೂ ಶೇಕಡಾ ಲೆಕ್ಕದಲ್ಲಿ ಬರುತ್ತವೆ. ಎರಡನ್ನೂ ಕೂಡಿಸಿದರೆ ಪ್ಲಸ್ 10, ಮೈನಸ್ 10ರ ಒಳಗೆ ಇರಬೇಕು. ಪ್ಲಸ್ 25ರ ಹತ್ತಿರ ಹೋಯಿತು ಅಂದರೆ ಕಂಪ್ಯೂಟರ್ ಕೈಚೆಲ್ಲಿ ಲೈಟ್ ಹಾಕುತ್ತೆ. ಈ ಎರಡು ಅಂಕಿ ಕಣ್ಣಿಗೆ ಕಾಣೋ ಹಾಗೆ ಮಾಡೋದೇ ಈ 700 ರೂಪಾಯಿ ಡಬ್ಬಿಯ ನಿಜವಾದ ಬೆಲೆ. ಕೋಡ್ ಓದೋದು ಎರಡನೇ ಮಾತು.

ಇನ್ನೊಂದು ಇದೆ, ಫ್ರೀಜ್ ಫ್ರೇಮ್. ಲೈಟ್ ಹತ್ತಲು ಕಾರಣವಾದ ಆ ಕ್ಷಣದಲ್ಲಿ ಇಂಜಿನ್ ಹೇಗಿತ್ತು ಅಂತ ಕಂಪ್ಯೂಟರ್ ಒಂದು ಫೋಟೋ ತೆಗೆದಿಟ್ಟ ಹಾಗೆ. ನನ್ನದರಲ್ಲಿ ಹೀಗಿತ್ತು: ವೇಗ ಸೊನ್ನೆ, ಆರ್‌ಪಿಎಂ 790, ಕೂಲಂಟ್ 91 ಡಿಗ್ರಿ, ಶಾರ್ಟ್ ಟರ್ಮ್ ಪ್ಲಸ್ 6, ಲಾಂಗ್ ಟರ್ಮ್ ಪ್ಲಸ್ 23. ಅಂದರೆ ಗಾಡಿ ನಿಂತಿದ್ದಾಗ, ಇಂಜಿನ್ ಬಿಸಿಯಾಗಿದ್ದಾಗ, ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುತ್ತಿದ್ದಾಗ). ಮೊದಲ ಸಲದ ಫೋಟೋ ಸರ್ವಿಸ್ ಸೆಂಟರ್‌ನಲ್ಲಿ ಕೋಡ್ ಅಳಿಸಿದಾಗಲೇ ಹೋಗಿಬಿಟ್ಟಿತ್ತು. ದಯವಿಟ್ಟು ಇದೊಂದು ನೆನಪಿಡಿ. ಕ್ಲಿಯರ್ ಬಟನ್ ಒತ್ತೋ ಮೊದಲು ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಒತ್ತಿದರೆ ಕೋಡ್ ಮಾತ್ರ ಹೋಗಲ್ಲ, ಫ್ರೀಜ್ ಫ್ರೇಮ್ ಹೋಗುತ್ತೆ, ಬಹಳ ಗಾಡಿಗಳಲ್ಲಿ ಕಂಪ್ಯೂಟರ್ ಕಲಿತಿದ್ದ ಲಾಂಗ್ ಟರ್ಮ್ ಅಂಕಿಯೂ ಸೊನ್ನೆಗೆ ಬರುತ್ತೆ. ನನ್ನ ಗಾಡಿಯಲ್ಲಿ ಲೈಟ್ 11 ದಿನ ಆರಿದ್ದಕ್ಕೂ ಅದೇ ಕಾರಣ, ಹೊಸ ಸೆನ್ಸರ್ ಅಲ್ಲ. ಕಂಪ್ಯೂಟರ್ ಮತ್ತೆ ಮೊದಲಿಂದ ಕಲಿತು, ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು.

ಆಮೇಲೆ ಓಡಿಸುತ್ತಾ ನೋಡಿದೆ. ಡ್ರೈವ್ ಮಾಡುತ್ತಾ ಫೋನ್ ನೋಡಬೇಡಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ನನ್ನ ಹೆಂಡತಿ ಓದಿ ಬರೆದುಕೊಂಡಳು. ಐಡ್ಲಿಂಗ್‌ನಲ್ಲಿ ಒಟ್ಟು ಪ್ಲಸ್ 28, 29. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಇಟ್ಟರೆ ಪ್ಲಸ್ 8. ಆ ವಾರ ಹೆಬ್ರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ ಇತ್ತು. ವಾಪಸ್ ಬರುವಾಗ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಾ, ಗಾಡಿ ಪೂರ್ತಿ ಭಾರ ಎಳೆಯುತ್ತಿದ್ದಾಗ, ಪ್ಲಸ್ 5. ಇಂಜಿನ್‌ಗೆ ಕೆಲಸ ಜಾಸ್ತಿ ಆದಷ್ಟೂ ಕಾಯಿಲೆ ಕಡಿಮೆ ಆಗುತ್ತಿದೆ! ಇದು ನನಗೆ ಮೊದಲು ವಿಚಿತ್ರ ಅನ್ನಿಸಿತು.

ಈ ಅಂಕಿಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ನಮ್ಮ ಬಡಾವಣೆಯ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋದೆ. ತಗಡಿನ ಶೆಡ್, ಒಬ್ಬ ಹುಡುಗ ಹೆಲ್ಪರ್, ಅಷ್ಟೇ ಗ್ಯಾರೇಜ್. ಅವರ ಹೆಸರು ಹಾಕಬೇಡಿ ಅಂದಿದ್ದಾರೆ, ಅದಕ್ಕೆ ಹಾಕುತ್ತಿಲ್ಲ. ಚೀಟಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಘಾಟಿ ಹತ್ತುವಾಗ ಎಷ್ಟು ಅಂದ್ರಿ ಸರ್?" ಪ್ಲಸ್ 5 ಅಂದೆ. "ಹಂಗಾದ್ರೆ ಪೆಟ್ರೋಲ್ ಪಂಪು, ಫಿಲ್ಟರು ಬಿಟ್ಟುಬಿಡಿ" ಅಂದರು. ಪಂಪ್ ಸೋತಿದ್ದರೆ ಅಥವಾ ಫಿಲ್ಟರ್ ಕಟ್ಟಿದ್ದರೆ ಜಾಸ್ತಿ ಪೆಟ್ರೋಲ್ ಬೇಕಾದಾಗಲೇ ಕೊರತೆ ಕಾಣಬೇಕು, ಘಾಟಿಯಲ್ಲಿ ಅಂಕಿ ಏರಬೇಕಿತ್ತು. ಒಂದೇ ಅಂಕಿಯಿಂದ ಅರ್ಧ ಅನುಮಾನ ಕಳೆದುಹೋಯಿತು.

ಐಡ್ಲಿಂಗ್‌ನಲ್ಲಿ ಜಾಸ್ತಿ, ಆರ್‌ಪಿಎಂ ಏರಿದರೆ ಕಡಿಮೆ ಅಂದರೆ ಎಲ್ಲರೂ ಮೊದಲು ಹೇಳೋದು ಇಂಟೇಕ್ ಕಡೆ, ಅಂದರೆ ಇಂಜಿನ್‌ಗೆ ಗಾಳಿ ಒಳಬರುವ ಕಡೆ, ಗಾಳಿ ಸೋರಿಕೆ. ಪೈಪ್ ಬಿರುಕು, ಗ್ಯಾಸ್ಕೆಟ್ (ಜೋಡಣೆಯ ಮಧ್ಯದ ಸೀಲ್) ಒಣಗಿರೋದು, ಬ್ರೇಕ್ ಬೂಸ್ಟರ್ ಪೈಪ್. ನಾನೂ ಅದನ್ನೇ ಓದಿಕೊಂಡು ಹೋಗಿದ್ದೆ. ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತಿ ನೋಡಿ ತಲೆ ಅಲ್ಲಾಡಿಸಿದರು. ಈ ಇಂಜಿನ್‌ನಲ್ಲಿ ಒಳಗೆ ಬರುವ ಗಾಳಿಯನ್ನು ನೇರವಾಗಿ ಅಳೆಯುವ ಮಾಸ್ ಏರ್‌ಫ್ಲೋ (ಮ್ಯಾಫ್) ಸೆನ್ಸರ್ ಇಲ್ಲ, ಇಂಟೇಕ್ ಪೈಪ್‌ಗಳೊಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದೆ. ನಮ್ಮ ಬಹಳಷ್ಟು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೀಗೇ. ಇಂಥ ಇಂಜಿನ್‌ನಲ್ಲಿ ಇಂಟೇಕ್ ಕಡೆ ಗಾಳಿ ನುಗ್ಗಿದರೆ ಒತ್ತಡ ಏರಿದ್ದು ಮ್ಯಾಪ್ ಸೆನ್ಸರ್‌ಗೆ ಗೊತ್ತಾಗುತ್ತೆ, ಕಂಪ್ಯೂಟರ್ ಅದಕ್ಕೆ ತಕ್ಕ ಪೆಟ್ರೋಲ್ ಹಾಕುತ್ತೆ, ಐಡ್ಲಿಂಗ್ ಏರಬಹುದು ಬಿಟ್ಟರೆ ಟ್ರಿಮ್ ಇಷ್ಟೊಂದು ಹೋಗೋದು ಕಡಿಮೆ. ಇಂಟರ್ನೆಟ್‌ನಲ್ಲಿ ಸಿಗುವ ವಿವರಣೆ ಬಹುಪಾಲು ಏರ್‌ಫ್ಲೋ ಸೆನ್ಸರ್ ಇರುವ ಅಮೆರಿಕದ ಗಾಡಿಗಳದ್ದು. ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಮೊದಲು ನೋಡಿಕೊಳ್ಳಿ. ಆ್ಯಪ್‌ನ ಲೈವ್ ಡೇಟಾದಲ್ಲಿ ಮ್ಯಾಪ್ ಬರುತ್ತಾ, ಮ್ಯಾಫ್ ಬರುತ್ತಾ ಅಂತ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತೆ.

ಆದರೂ ಅವರು ಪರೀಕ್ಷೆ ಬಿಡಲಿಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇಯನ್ನು ಇಂಟೇಕ್ ಜಾಯಿಂಟ್‌ಗಳ ಸುತ್ತ ಸ್ವಲ್ಪ ಸ್ವಲ್ಪ ಹೊಡೆದರು, ನಾನು ಒಳಗೆ ಕೂತು ಟ್ರಿಮ್ ನೋಡುತ್ತಿದ್ದೆ. ಒಂದಂಕಿಯೂ ಅಲ್ಲಾಡಲಿಲ್ಲ, ಅಂದರೆ ಅಲ್ಲಿ ಸೋರಿಕೆ ಇಲ್ಲ. ಆಮೇಲೆ ಏರ್ ಫಿಲ್ಟರ್ ಬಾಯಿಗೇ ಒಂದು ಸಲ ಹೊಡೆದರು. ಸೆನ್ಸರ್ ತಕ್ಷಣ 0.85 ವೋಲ್ಟ್‌ಗೆ ಹಾರಿತು, ಶಾರ್ಟ್ ಟರ್ಮ್ ದಡಬಡ ಕೆಳಗೆ ಬಂತು. ಅಂದರೆ ಸೆನ್ಸರ್ ಜೀವಂತ ಇದೆ, ಕಂಪ್ಯೂಟರ್ ಅದರ ಮಾತು ಕೇಳುತ್ತಿದೆ. (ಇದನ್ನು ಬಿಸಿ ಇಂಜಿನ್ ಮೇಲೆ ನೀವೇ ಮಾಡೋಕೆ ಹೋಗಬೇಡಿ. ಸ್ಪ್ರೇ ಬೆಂಕಿ ಹಿಡಿಯುವಂಥದ್ದು, ಅವರ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇತ್ತು.)

ಆಗ ನಾನು ಡಿಕ್ಕಿಯಿಂದ ಹಳೇ ಸೆನ್ಸರ್ ತೆಗೆದು ಕೊಟ್ಟೆ. ನಾಲ್ಕು ವೈರ್, ಅದರಲ್ಲಿ ಎರಡು ಬಿಳಿ ವೈರ್ ಹೀಟರ್‌ನವು. ಮಲ್ಟಿಮೀಟರ್ ಇಟ್ಟರೆ 6 ಓಮ್ ಚಿಲ್ಲರೆ ತೋರಿಸಿತು. ಹೀಟರ್ ಸುಟ್ಟಿದ್ದರೆ ಏನೂ ತೋರಿಸುತ್ತಿರಲಿಲ್ಲ. ಆಮೇಲೆ ವೈಸ್‌ನಲ್ಲಿ ಕಚ್ಚಿಸಿ, ಗ್ಯಾಸ್ ಟಾರ್ಚ್‌ನ ಜ್ವಾಲೆಯಲ್ಲಿ ತುದಿ ಕೆಂಪಾಗುವವರೆಗೆ ಹಿಡಿದು, ಉಳಿದೆರಡು ವೈರ್‌ಗೆ ಮೀಟರ್ ಕೊಟ್ಟರು. ಜ್ವಾಲೆ ಒಳಗಿದ್ದಾಗ 0.8, ಜ್ವಾಲೆ ಸರಿಸಿದರೆ ಸೊನ್ನೆ ಹತ್ತಿರ. ಮತ್ತೆ ಹಿಡಿದರೆ ಮತ್ತೆ 0.8. ನಾನು 4,200 ಕೊಟ್ಟು ತೆಗೆಸಿ ಹಾಕಿದ ಸೆನ್ಸರ್ ಪೂರ್ತಿ ಚೆನ್ನಾಗಿತ್ತು. ಅದನ್ನು ನೋಡಿ ನನಗೆ ನಿಜವಾಗಿ ಬೇಜಾರಾಯಿತು. ಹಣಕ್ಕಿಂತ ಜಾಸ್ತಿ, ಯಾರೂ ಎರಡು ನಿಮಿಷ ಪರೀಕ್ಷೆ ಮಾಡಲಿಲ್ಲವಲ್ಲ ಅಂತ.

ಇನ್ನೇನು ಉಳಿಯಿತು? ಮೆಕ್ಯಾನಿಕ್ ಅಣ್ಣ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿದರು. ತುದಿ ಕಪ್ಪು, ಒಣ ಮಸಿ. ಗಾಳಿ ಜಾಸ್ತಿ ಆದ ಇಂಜಿನ್‌ನ ಪ್ಲಗ್ ಬೆಳ್ಳಗಿರಬೇಕು. ಇದು ಪೆಟ್ರೋಲ್ ಜಾಸ್ತಿ ಕುಡಿದ ಇಂಜಿನ್‌ನ ಪ್ಲಗ್! ಕಂಪ್ಯೂಟರ್ ಪೆಟ್ರೋಲ್ ಕಡಿಮೆ ಅನ್ನುತ್ತಿದೆ, ಪ್ಲಗ್ ಜಾಸ್ತಿ ಅನ್ನುತ್ತಿದೆ. ಇಬ್ಬರಲ್ಲಿ ಒಬ್ಬರಿಗೆ ಮೋಸ ಆಗಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಏನಾದ್ರೂ ಸೌಂಡ್ ಬರುತ್ತಾ ಸರ್?" ಅಂದರು.

ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಮೂವತ್ತು ವರ್ಷ ಬ್ಲೌಸ್ ಹೊಲಿದವರು. "ಬೆಳಿಗ್ಗೆ ನೀನು ಗಾಡಿ ತೆಗೆಯುವಾಗ ಹೊಲಿಗೆ ಮಷಿನ್ ಥರ ಟಕಟಕ ಅನ್ನುತ್ತೆ, ಗೇಟ್ ದಾಟೋ ಹೊತ್ತಿಗೆ ನಿಲ್ಲುತ್ತೆ" ಅಂತ ಫೋನಿನಲ್ಲೇ ಹೇಳಿದರು. ಎರಡು ತಿಂಗಳಿಂದ ಕೇಳಿಸಿಕೊಳ್ಳುತ್ತಿದ್ದರಂತೆ. ಸ್ಪೀಕರ್ ಹಾಕಿದ್ದೆ, ಮೆಕ್ಯಾನಿಕ್ ಅಣ್ಣನ ಮುಖ ಅರಳಿತು.

ಮರುದಿನ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಅವರು ಮಾಡಿದ ಪರೀಕ್ಷೆ ಯಾರ ಕೈಯಲ್ಲಾದರೂ ಆಗುವಂಥದ್ದು. ಧೂಳು ಹೊಡೆಯುವ ಬ್ಲೋವರ್‌ನ ಬಾಯಿಯನ್ನು ಸೈಲೆನ್ಸರ್ ಪೈಪ್‌ಗೆ ಬಟ್ಟೆ ಸುತ್ತಿ ಸಿಕ್ಕಿಸಿದರು, ಇಂಜಿನ್ ಆಫ್. ಬ್ಲೋವರ್ ಆನ್ ಮಾಡಿ ಮುಂದೆ ಬಂದು ಸೋಪಿನ ನೀರನ್ನು ಬಾಟಲಿಯಿಂದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್‌ನಿಂದ ಹೊಗೆ ಹೊರಗೆ ಒಯ್ಯುವ ಪೈಪ್‌ಗಳು) ಸೇರುವ ಜಾಗಕ್ಕೆಲ್ಲ ಚಿಮುಕಿಸಿದರು. ಇಂಜಿನ್ ಹೆಡ್‌ಗೆ ಮ್ಯಾನಿಫೋಲ್ಡ್ ಕೂರುವ ಗ್ಯಾಸ್ಕೆಟ್‌ನ ಒಂದು ಮೂಲೆಯಲ್ಲಿ ಗುಳ್ಳೆ ಗುಳ್ಳೆಯಾಗಿ ಬಂತು. ಅಲ್ಲೇ ಒಂದು ನಟ್ ಇರಲೇ ಇಲ್ಲ, ಪಕ್ಕದ್ದು ಕೈಯಲ್ಲಿ ತಿರುಗುತ್ತಿತ್ತು. ಸುತ್ತ ಕಪ್ಪು ಗೆರೆ.

ಅಲ್ಲಿಂದ ಗಾಳಿ ಹೊರಗೆ ಬರುತ್ತೆ ಸರಿ, ಒಳಗೆ ಹೇಗೆ ಹೋಗುತ್ತೆ ಅಂತ ನಾನು ಕೇಳಿದೆ. ಐಡ್ಲಿಂಗ್‌ನಲ್ಲಿ ಹೊಗೆ ಒಂದೇ ಸಮ ಹರಿಯಲ್ಲ, ಗುಕ್ಕು ಗುಕ್ಕಾಗಿ ಬರುತ್ತೆ. ಒಂದು ಗುಕ್ಕು ಹೋದ ಮೇಲೆ ಇನ್ನೊಂದು ಬರೋದರೊಳಗೆ ಪೈಪ್‌ನಲ್ಲಿ ಒತ್ತಡ ಹೊರಗಿಗಿಂತ ಕಡಿಮೆ ಆಗುತ್ತೆ, ಆಗ ಆ ಸೀಳಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ಸ್ವಲ್ಪ ಮುಂದೆಯೇ ಸೆನ್ಸರ್ ಕೂತಿದೆ. ಅದಕ್ಕೆ ಆಮ್ಲಜನಕ ಕಂಡಿತು, ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಅಮ್ಮ ರುಚಿ ನೋಡೋಕೆ ಸೌಟು ಎತ್ತಿದಾಗ ಮಧ್ಯದಲ್ಲಿ ಯಾರೋ ಆ ಸೌಟಿಗೆ ನೀರು ಹಾಕಿದರೆ ಏನಾಗುತ್ತೆ ನೋಡಿ. ನಾಲಿಗೆ ಸರಿ ಇದೆ, ಸಪ್ಪೆ ಅಂದಿದ್ದೂ ಸರಿ, ಆದರೆ ಪಾತ್ರೆಯಲ್ಲಿದ್ದ ಸಾರಿಗೆ ಉಪ್ಪು ಮೇಲೆ ಉಪ್ಪು ಬೀಳುತ್ತಾ ಹೋಗುತ್ತೆ. ನನ್ನ ಇಂಜಿನ್‌ಗೂ ಹೀಗೇ ಬೇಡದ ಪೆಟ್ರೋಲ್ ಬೀಳುತ್ತಿತ್ತು. ಅದಕ್ಕೇ ಮೈಲೇಜ್ 13, ಅದಕ್ಕೇ ಪ್ಲಗ್ ಕಪ್ಪು. ಆರ್‌ಪಿಎಂ ಏರಿದಾಗ, ಘಾಟಿ ಹತ್ತಿದಾಗ ಹೊಗೆಯ ಹರಿವು ಜೋರಾಗಿ ಒಳಗೆ ಎಳೆಯೋದು ಕಡಿಮೆ ಆಗುತ್ತೆ, ಅದಕ್ಕೇ ಪ್ಲಸ್ 5. ಬೆಳಿಗ್ಗೆ ಟಕಟಕ ಅಂದು ಆಮೇಲೆ ನಿಲ್ಲೋದು ಲೋಹ ಬಿಸಿಯಾಗಿ ಹಿಗ್ಗಿ ಸೀಳು ಸ್ವಲ್ಪ ಮುಚ್ಚುವುದರಿಂದ. ಚೀಟಿಯಲ್ಲಿದ್ದ ಒಂದೊಂದು ಅಂಕಿಗೂ ಉತ್ತರ ಸಿಕ್ಕಿತು. ಅವತ್ತು ನನಗಾದ ಖುಷಿ ಹೇಳೋಕಾಗಲ್ಲ.

ಗ್ಯಾಸ್ಕೆಟ್ 380, ನಟ್ಟುಗಳು 60, ಲೇಬರ್ 900. ಒಟ್ಟು 1,340. ಗ್ಯಾಸ್ಕೆಟ್ ಕೂರಿಸುವಾಗ ಹೆಲ್ಪರ್ ಹುಡುಗ ಸಿಲಿಕೋನ್ ಪೇಸ್ಟ್ ತಂದ, ಮೆಕ್ಯಾನಿಕ್ ಅಣ್ಣ ಗದರಿ ವಾಪಸ್ ಕಳಿಸಿದರು. ಮಾಮೂಲಿ ಸಿಲಿಕೋನ್‌ನ ಆವಿ ಸೆನ್ಸರ್‌ನ ತುದಿಗೆ ಕೂತು ಅದನ್ನು ಹಾಳು ಮಾಡುತ್ತೆ, ಆಗ ನಿಜವಾಗಿಯೂ ಸೆನ್ಸರ್ ಬದಲಾಯಿಸಬೇಕಾಗುತ್ತೆ.

ಕೋಡ್ ಅಳಿಸಿ 200 ಕಿಲೋಮೀಟರ್ ಓಡಿಸಿದ ಮೇಲೆ ಐಡ್ಲಿಂಗ್‌ನಲ್ಲಿ ಒಟ್ಟು ಪ್ಲಸ್ 4, ಹೈವೇಯಲ್ಲಿ ಪ್ಲಸ್ 5. ಸೊನ್ನೆ ಯಾಕೆ ಆಗಲಿಲ್ಲ ಅಂತ ಕೇಳಬಹುದು. ಈಗ ಬಂಕ್‌ಗಳಲ್ಲಿ ಬರುತ್ತಿರುವುದು 20 ಪರ್ಸೆಂಟ್ ಎಥನಾಲ್ ಸೇರಿದ ಇ20 ಪೆಟ್ರೋಲ್. ಎಥನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಇ20 ಉರಿಯೋಕೆ ಗಾಳಿ ಕಡಿಮೆ ಸಾಕು, 14.7ರ ಬದಲು ಸುಮಾರು 13.5. ಹಳೇ ಪೆಟ್ರೋಲ್ ಲೆಕ್ಕದಲ್ಲಿ ಟ್ಯೂನ್ ಆಗಿರುವ ಕಂಪ್ಯೂಟರ್ ಸ್ವಲ್ಪ ಜಾಸ್ತಿ ಪೆಟ್ರೋಲ್ ಹಾಕಿ ಅದನ್ನು ಸರಿದೂಗಿಸಬೇಕು. ಹಾಗಾಗಿ ಹಳೇ ಗಾಡಿಗಳಲ್ಲಿ ಟ್ರಿಮ್ ನಾಲ್ಕೈದು ಅಂಕ ಮೇಲಿದ್ದರೆ ಗಾಬರಿ ಬೇಡ. ಆದರೆ ಮೊದಲೇ ಸಣ್ಣ ಸೋರಿಕೆ ಇದ್ದ ಗಾಡಿಗೆ ಈ ನಾಲ್ಕೈದು ಅಂಕ ಸೇರಿ ಲೈಟ್ ಹತ್ತುವ ಸಾಧ್ಯತೆ ಇದೆ. ಮೈಲೇಜ್ ಈಗ 16ರ ಮೇಲೆ ಬರುತ್ತಿದೆ.

ಸರಿ, ಸ್ಕ್ಯಾನರ್‌ನ ಕೊರತೆಗಳು. ಮೊದಲನೆಯದು ದೊಡ್ಡದು. ಇದು ನಿಧಾನ. ಒಂದೇ ಸಲ ಹತ್ತು ಅಂಕಿ ಕೇಳಿದರೆ ಒಂದೊಂದೂ ಎರಡು ಮೂರು ಸೆಕೆಂಡ್‌ಗೊಮ್ಮೆ ಬದಲಾಗುತ್ತೆ. ಒಳ್ಳೇ ಸೆನ್ಸರ್ ಬಿಸಿ ಇಂಜಿನ್‌ನಲ್ಲಿ 2,500 ಆರ್‌ಪಿಎಂ ಹತ್ತಿರ ಹತ್ತು ಸೆಕೆಂಡ್‌ಗೆ ಹಲವು ಸಲ 0.45 ವೋಲ್ಟ್ ಗೆರೆಯನ್ನು ಮೇಲೆ ಕೆಳಗೆ ದಾಟಬೇಕು. ನಿಧಾನ ಸ್ಕ್ಯಾನರ್ ಅದರಲ್ಲಿ ಅರ್ಧ ನೋಡೋದೇ ಇಲ್ಲ. ಗ್ರಾಫ್ ಸೋಮಾರಿಯಾಗಿ ಕಂಡು, ಸೆನ್ಸರ್ ಸತ್ತಿದೆ ಅಂತ ನೀವೇ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಸೆನ್ಸರ್ ವೋಲ್ಟೇಜ್ ಮತ್ತು ಶಾರ್ಟ್ ಟರ್ಮ್ ಎರಡನ್ನು ಮಾತ್ರ ಸ್ಕ್ರೀನ್‌ಗೆ ಹಾಕಿಕೊಳ್ಳಿ, ಆಗ ಪರವಾಗಿಲ್ಲ. ಆದರೂ ಪಿ0133 ಥರದ ನಿಧಾನದ ದೂರನ್ನು ಇದರಿಂದ ನಿರ್ಧಾರ ಮಾಡಬೇಡಿ, ಅದಕ್ಕೆ ಆಸಿಲೋಸ್ಕೋಪ್ (ವೋಲ್ಟೇಜ್‌ನ ವೇಗದ ಏರಿಳಿತವನ್ನು ಗ್ರಾಫ್‌ನಲ್ಲಿ ತೋರಿಸುವ ಉಪಕರಣ) ಇರುವವರ ಹತ್ತಿರ ಹೋಗಿ. ಇನ್ನು ಕ್ಯಾಟಲಿಟಿಕ್ ಕನ್ವರ್ಟರ್ ನಂತರದ ಹಿಂದಿನ ಸೆನ್ಸರ್ ಹೆಚ್ಚು ಅಲ್ಲಾಡದೆ ನಿಂತಿರೋದೇ ಸರಿ, ಅದನ್ನು ನೋಡಿ ಕೆಟ್ಟಿದೆ ಅಂದುಕೊಳ್ಳಬೇಡಿ. ಕೆಲವು ಗಾಡಿಗಳಲ್ಲಿ ಮುಂದೆ ವೈಡ್‌ಬ್ಯಾಂಡ್ ಸೆನ್ಸರ್ ಇರುತ್ತೆ. ಅದಕ್ಕೆ ನಾನು ಹೇಳಿದ 0.1, 0.9 ಲೆಕ್ಕ ಹೊಂದಲ್ಲ, ಲ್ಯಾಂಬ್ಡಾ (ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು) ಅಂಕಿ ನೋಡಬೇಕು, 1ರ ಹತ್ತಿರ ಇದ್ದರೆ ಸರಿ.

ಎರಡನೆಯದು, ಎಬಿಎಸ್, ಏರ್‌ಬ್ಯಾಗ್ ಕೋಡುಗಳನ್ನು ನನ್ನದು ಓದಲಿಲ್ಲ. ಬ್ಲೂಟೂತ್ ಮಧ್ಯೆ ಮಧ್ಯೆ ಕಡಿದುಹೋಗುತ್ತೆ. ಕೆಲಸ ಆದ ಮೇಲೆ ಕಿತ್ತಿಡಿ, ಆ ಸಾಕೆಟ್‌ಗೆ ಕೀ ಆಫ್ ಇದ್ದಾಗಲೂ ಬ್ಯಾಟರಿ ಕರೆಂಟ್ ಬರುತ್ತಿರುತ್ತೆ, ಹತ್ತು ಹದಿನೈದು ದಿನ ಗಾಡಿ ನಿಲ್ಲಿಸಿದರೆ ಬ್ಯಾಟರಿ ಇಳಿಯಬಹುದು. ಮತ್ತೆ, ನೋಡೋಕೆ ಥೇಟ್ ಇದರ ಹಾಗೇ ಇರುವ "ಮೈಲೇಜ್ ಹೆಚ್ಚಿಸುವ" ಪ್ಲಗ್ ಅಂತ ಮಾರುತ್ತಾರೆ. ಅದನ್ನು ತಗೋಬೇಡಿ. ಒಳಗೆ ಮಿಣುಕುವ ದೀಪ ಬಿಟ್ಟರೆ ಏನಿಲ್ಲ.

ಸೆನ್ಸರ್ ಯಾವತ್ತೂ ಕೆಡಲ್ಲ ಅಂತ ನಾನು ಹೇಳುತ್ತಿಲ್ಲ. ಎದುರುಮನೆಯವರ ಗಾಡಿಯಲ್ಲಿ ಪಿ0135 ಬಂತು. ಫ್ಯೂಸ್ ನೋಡಿದೆವು, ಸರಿ ಇತ್ತು. ಬಿಳಿ ವೈರ್‌ಗಳಿಗೆ ಮೀಟರ್ ಇಟ್ಟರೆ ಏನೂ ಇಲ್ಲ, ಹೀಟರ್ ಸುಟ್ಟಿತ್ತು. ಧೈರ್ಯವಾಗಿ ಹೊಸ ಸೆನ್ಸರ್ ಹಾಕಿಸಿದರು, ಲೈಟ್ ಇವತ್ತಿಗೂ ಬಂದಿಲ್ಲ. ಆಫೀಸಿನ ಗೆಳೆಯನ ಗಾಡಿಯಲ್ಲೂ ಅದೇ ಪಿ0135. ಅಲ್ಲಿ ಸೆನ್ಸರ್ ಚೆನ್ನಾಗಿತ್ತು, ಇಲಿ ವೈರ್ ಕಡಿದಿತ್ತು. ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಒಳಗೆ ಇಲಿ ಸೇರೋದು ಮಾಮೂಲು, ಅಲ್ವಾ. ವೈರ್ ಜೋಡಿಸಿ ಸ್ಲೀವ್ ಹಾಕಿಸಿದ, 150 ರೂಪಾಯಿ. ಒಂದೇ ಕೋಡ್, ಎರಡು ಗಾಡಿ, ಎರಡು ಬೇರೆ ಕಾಯಿಲೆ. ಎರಡರಲ್ಲೂ ಐದು ನಿಮಿಷದ ಮೀಟರ್ ಪರೀಕ್ಷೆಯಿಂದ ಗೊತ್ತಾಯಿತು. ಹಾಗಾಗಿ ಸ್ಕ್ಯಾನರ್ ಜೊತೆಗೆ 300, 400 ರೂಪಾಯಿಯ ಒಂದು ಮಲ್ಟಿಮೀಟರ್ ಕೂಡ ತಗೊಳ್ಳಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ನಿಧಾನಕ್ಕೆ. ಸ್ವಲ್ಪ ಜಾಸ್ತಿ ಖರ್ಚು ಮಾಡುವ ಶಕ್ತಿ ಇದ್ದರೆ 2,000ದ ಮೇಲಿನ ವೇಗದ ಅಡಾಪ್ಟರ್ ನೋಡಿ, ಸೆನ್ಸರ್ ಗ್ರಾಫ್ ನೋಡೋಕೆ ವ್ಯತ್ಯಾಸ ಗೊತ್ತಾಗುತ್ತೆ. ಇಲ್ಲದಿದ್ದರೆ ಇದೇ ಸಾಕು. ತಗೊಂಡ ದಿನವೇ, ಗಾಡಿ ಚೆನ್ನಾಗಿರುವಾಗಲೇ, ಐಡ್ಲಿಂಗ್‌ನಲ್ಲಿ ಮತ್ತು 2,500ರಲ್ಲಿ ಟ್ರಿಮ್ ಎಷ್ಟಿದೆ ಅಂತ ನೋಡಿ ಸರ್ವಿಸ್ ಪುಸ್ತಕದ ಹಿಂದೆ ತಾರೀಕು ಹಾಕಿ ಬರೆದಿಡಿ. ನಾನು ಈಗ ತಿಂಗಳಿಗೊಮ್ಮೆ ಬರೆಯುತ್ತಿದ್ದೇನೆ. ಈ ತಿಂಗಳು ಐಡ್ಲಿಂಗ್‌ನಲ್ಲಿ ಪ್ಲಸ್ 4 ಇದೆ, ಬೆಳಿಗ್ಗೆ ಟಕಟಕ ಬರುತ್ತಿಲ್ಲ ಅಂತ ಅಮ್ಮನೂ ಹೇಳಿದ್ದಾರೆ.